ನಗೆಗಾಳಿಯ ಊರಿನಲ್ಲಿ ಹದಿನೆಂಟು ದಿನ

ಚಿಕ್ಕೋಡಿ

ನಾನು ನೆದರ್ಲೆಂಡ್ಸ್‌ಗೆ ಹೋಗಿ ಬಂದ ಸುದ್ದಿ ಹರಡಿದ ಮೇಲೆ ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಸಿಕ್ಕವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ. ಗಾಳಿಗಿರಣಿ ನೋಡಿದಿರಾ? ಹೂವಿನ ಹೊಲ ನೋಡಿದಿರಾ? ಗಾಳಿಗಿರಣಿ ಒಂದನ್ನು ರೈಲಿನ ಕಿಟಕಿಯಿಂದ ನೋಡಿದೆ, ಅದು ತಿರುಗುತ್ತಿರಲಿಲ್ಲ. ಹೂವಿನ ಕಾಲ ನಾನು ಹೋಗುವ ಹೊತ್ತಿಗೆ ಮುಗಿದಿತ್ತು. ಅಲ್ಲಿದ್ದ ಹದಿನೆಂಟು ದಿನಗಳಲ್ಲಿ ನಾನು ಹೆಚ್ಚಾಗಿ ನೋಡಿದ್ದು ಆಸ್ಪತ್ರೆಯ ನಾಲ್ಕನೆಯ ಮಹಡಿಯನ್ನು, ಅಲ್ಲಿಗೆ ಹೋಗುವ ಟ್ರಾಮ್ ದಾರಿಯನ್ನು ಮತ್ತು ನನ್ನ ತಂಗಿಯ ಮಗನ ಮುಖವನ್ನು.

ತಂಗಿ ಸುನಂದಾಳನ್ನು ಮಂಗಸೂಳಿಯ ಹತ್ತಿರ ದ್ರಾಕ್ಷಿ ಬೆಳೆಯುವ ಮನೆಯೊಂದಕ್ಕೆ ಕೊಟ್ಟಿದ್ದೇವೆ. ಅವಳಿಗೆ ಒಬ್ಬನೇ ಮಗ, ಸನ್ಮತಿ. ಕೃಷಿ ಪದವಿ ಮುಗಿಸಿ, ಗಾಜಿನ ಮನೆಯೊಳಗೆ ಬೆಳೆ ತೆಗೆಯುವ ವಿದ್ಯೆ ಕಲಿಯಲು ಹೇಗ್ ನಗರದ ಹತ್ತಿರ ಹೋಗಿದ್ದ. ಎರಡು ವರ್ಷ ಕಲಿತು ಬಂದು ಅಪ್ಪನ ತೋಟದಲ್ಲೇ ಹೊಸದೇನಾದರೂ ಮಾಡಬೇಕೆಂಬುದು ಅವನ ಆಸೆ. ಹೋಗಿ ಒಂದು ವರ್ಷವಾಗುತ್ತ ಬಂದಿತ್ತು. ಫೋನಿನಲ್ಲಿ ಒಮ್ಮೆ ಕಾಲು ಜುಮ್ಮೆನ್ನುತ್ತವೆ ಎಂದ. ಇನ್ನೊಮ್ಮೆ ಸೈಕಲ್ಲಿನಿಂದ ಬಿದ್ದೆ ಎಂದ. ಆಮೇಲೆ ಒಂದು ವಾರ ಫೋನು ಬರಲಿಲ್ಲ. ಎಂಟನೆಯ ದಿನ ಆಸ್ಪತ್ರೆಯಿಂದಲೇ ಮಾತಾಡಿದ. ಎದ್ದು ನಿಲ್ಲಲು ಆಗುತ್ತಿಲ್ಲ ಎಂದ.

ಮನೆಯಲ್ಲಿ ಪಾಸ್‌ಪೋರ್ಟ್ ಇದ್ದದ್ದು ನನ್ನೊಬ್ಬನ ಹತ್ತಿರ. ನಿವೃತ್ತ ಮಾಸ್ತರರೆಲ್ಲ ಸೇರಿ ಶ್ರೀಲಂಕಾಕ್ಕೆ ಹೋಗೋಣವೆಂದು ಮಾಡಿಸಿಕೊಂಡದ್ದು, ಹೋಗಿರಲಿಲ್ಲ. ಇಂಗ್ಲಿಷ್ ಅಷ್ಟಿಷ್ಟು ಬರುತ್ತಿದ್ದುದೂ ನನಗೇ. ಆದರೂ ಸುನಂದಾ ನನ್ನನ್ನು ಕಳಿಸಲು ಎರಡು ದಿನ ಹಿಂದೆಮುಂದೆ ನೋಡಿದಳು. ಅದಕ್ಕೆ ಕಾರಣವಿತ್ತು.

ನಾನು ಕುಡಿಯುತ್ತಿದ್ದೆ. ನಿಪಾಣಿಯಲ್ಲಿ ಮೊದಲ ನೌಕರಿ ಹಿಡಿದಾಗ ಶುರುವಾದದ್ದು ಇಪ್ಪತ್ತು ವರ್ಷ ನಡೆಯಿತು. ಹಾರೂಗೇರಿಯ ಬಸ್‌ನಿಲ್ದಾಣದ ಹಿಂದೆ ಬಿದ್ದಿದ್ದ ನನ್ನನ್ನು ನನ್ನ ವಿದ್ಯಾರ್ಥಿಗಳೇ ರಿಕ್ಷಾದಲ್ಲಿ ಎತ್ತಿ ಹಾಕಿದ್ದಾರೆ. ಕೊನೆಗೆ ರಕ್ತ ಕಾರಿಕೊಂಡು ಮಿರಜಿನ ಆಸ್ಪತ್ರೆಯೊಂದರಲ್ಲಿ ಮಲಗಿದಾಗ, ಇನ್ನೊಂದು ಬಾಟಲಿ ಕುಡಿದರೆ ಲಿವರ್ ಕೈಬಿಡುತ್ತದೆ ಎಂದರು ಡಾಕ್ಟರು. ಅಂದು ತಾಯಿಯ ಜೊತೆ ನೋಡಲು ಬಂದ ಸನ್ಮತಿಗೆ ಹದಿಮೂರು ವರ್ಷ. ಒಳಗೆ ಬರದೆ ಬಾಗಿಲಲ್ಲೇ ನಿಂತಿದ್ದ. ಅಲ್ಲಿಂದೀಚೆಗೆ ಹನ್ನೊಂದು ವರ್ಷ ನಾನು ಮುಟ್ಟಿಲ್ಲ.

ಸನ್ಮತಿ ಹೊರದೇಶಕ್ಕೆ ಹೊರಟಾಗ ಸುನಂದಾ ಅವನನ್ನು ಬಸದಿಗೆ ಕರೆದುಕೊಂಡು ಹೋದಳು. ಚಾತುರ್ಮಾಸಕ್ಕೆ ಬಂದಿದ್ದ ಮುನಿ ಮಹಾರಾಜರ ಎದುರು ಕೂರಿಸಿ ನೇಮ ಕೊಡಿಸಿದಳು. ಮಾಂಸ ಮುಟ್ಟುವುದಿಲ್ಲ, ಮದ್ಯ ಮುಟ್ಟುವುದಿಲ್ಲ. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ, ನಾನು ಪಕ್ಕದಲ್ಲಿರುವಾಗಲೇ ಹೇಳಿದಳು: "ಮಾಮಾನ ಹಂಗ ಆಗಬ್ಯಾಡ ಮಗಾ. ಅಷ್ಟ ನಾ ಕೇಳೂದು."

ನನಗೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು.

ವಿಮಾನ

ಚೀಲದಲ್ಲಿ ಸುನಂದಾ ತುಂಬಿದ್ದು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಒಂದು ಡಬ್ಬಿ ಒಣದ್ರಾಕ್ಷಿ. ರೊಟ್ಟಿ ಮುರಿಯಬಾರದೆಂದು ನನ್ನ ಎರಡು ಧೋತರಗಳ ನಡುವೆ ಇಟ್ಟಿದ್ದಳು. ಇಳಿದಾಗ ರೊಟ್ಟಿ ಪುಡಿಯಾಗಿತ್ತು, ಧೋತರಗಳಿಗೆ ಗುರೆಳ್ಳಿನ ಎಣ್ಣೆ ಹತ್ತಿತ್ತು.

ಜೈನ ಊಟ ಬೇಕೆಂದು ಮೊದಲೇ ಬರೆಸಿದ್ದೆ. ಗಗನಸಖಿ ಒಂದು ತಟ್ಟೆ ತಂದಿಟ್ಟಳು. ಅದರಲ್ಲಿ ಅನಾನಸಿನ ನಾಲ್ಕು ತುಂಡು, ಒಂದು ಬಾಳೆಹಣ್ಣು, ಒಂದು ಒಣ ಬ್ರೆಡ್ಡು. ಆಮೇಲೆ ಗಾಡಿ ತಳ್ಳಿಕೊಂಡು ಬಂದು, ಕೆಂಪೋ ಬಿಳಿಯೋ ಎಂದು ಕೇಳಿದಳು. ನನಗೆ ಒಂದು ಕ್ಷಣ ತಿಳಿಯಲಿಲ್ಲ. ನನ್ನ ಬದಿಯಲ್ಲಿ ಕುಳಿತಿದ್ದ ಕೊಲ್ಹಾಪುರದ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ, ಮರಾಠಿಯಲ್ಲಿ ಬಿಡಿಸಿ ಹೇಳಿದ. "ಕಾಕಾ, ವೈನ್ ವಿಚಾರ್ತೇ ತೀ." ಯಾವ ವೈನ್ ಬೇಕೆಂದು ಕೇಳುತ್ತಿದ್ದಾಳಂತೆ. ನಾನು ನೀರು ಎಂದೆ. ಅವನು ಎರಡೂ ತಗೊಂಡ. ಪುಕ್ಕಟೆ ಸಿಗುತ್ತದೆ, ಬಿಡುವುದೇಕೆ ಎಂದು ನಕ್ಕ. ಮೂರನೆಯ ಗ್ಲಾಸಿನ ಹೊತ್ತಿಗೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದ. ಅವನ ಉಸಿರಿನ ವಾಸನೆ ನನಗೆ ಹಳೆಯ ಪರಿಚಯದ್ದು. ತಲೆ ಸರಿಸಬೇಕೆನ್ನಿಸಿದರೂ ಸರಿಸಲಿಲ್ಲ. ಯಾರದೋ ಮನೆಯ ಮಗ.

ಹೇಗ್

ಸನ್ಮತಿಯ ಕಾಲೇಜಿನವರು ನನಗಾಗಿ ಒಂದು ಕೋಣೆ ಹುಡುಕಿಟ್ಟಿದ್ದರು. ಮನೆಯ ಒಡತಿ ಶಾಂತಿ ಎಂಬ ಎಪ್ಪತ್ತರ ಹೆಂಗಸು. ಹೆಸರು ನಮ್ಮದು, ಮುಖ ನಮ್ಮದು, ಅಂಗಳದಲ್ಲಿ ಹನುಮಂತನ ಕೆಂಪು ಝಂಡಾ. ಆದರೆ ಆಕೆ ಭಾರತವನ್ನು ಒಮ್ಮೆಯೂ ನೋಡಿಲ್ಲ. ಅವಳ ಮುತ್ತಜ್ಜನನ್ನು ಬಿಹಾರದ ಕಡೆಯಿಂದ ಹಡಗಿನಲ್ಲಿ ಸುರಿನಾಮ್ ಎಂಬ ದೇಶಕ್ಕೆ ಕಬ್ಬು ಕಡಿಯಲು ಒಯ್ದಿದ್ದರಂತೆ. ಅಲ್ಲಿ ಹುಟ್ಟಿದ ಈಕೆ ಹರೆಯದಲ್ಲಿ ಇಲ್ಲಿಗೆ ಬಂದವಳು. ಅವಳ ಹಿಂದಿ ನೂರು ವರ್ಷ ಹಳೆಯದು, ನನ್ನ ಹಿಂದಿ ಮರಾಠಿ ಬೆರೆತದ್ದು. ಎರಡೂ ಸೇರಿ ಸಂಸಾರ ಸಾಗಿತು.

ಮೊದಲ ಸಂಜೆ ನಾನೊಂದು ಫಜೀತಿಯಲ್ಲಿ ಸಿಕ್ಕೆ. ಹೊತ್ತು ಮುಳುಗಿದ ಮೇಲೆ ಉಣ್ಣುವ ರೂಢಿ ನಮ್ಮಲ್ಲಿಲ್ಲ. ಕುಡಿತ ಬಿಟ್ಟ ಮೇಲೆ ನಾನು ಈ ಒಂದು ವ್ರತವನ್ನು ಗಟ್ಟಿಯಾಗಿ ಹಿಡಿದಿದ್ದೇನೆ. ಆದರೆ ಅಲ್ಲಿ ಜೂನ್ ತಿಂಗಳಲ್ಲಿ ಹೊತ್ತು ಮುಳುಗುವುದೇ ಹತ್ತು ಗಂಟೆಗೆ. ಆರಕ್ಕೆ ಉಂಡೆ. ಒಂಬತ್ತಕ್ಕೆ ಮತ್ತೆ ಹಸಿವಾಯಿತು, ಹೊರಗೆ ಇನ್ನೂ ಬಿಸಿಲು. ಶಾಂತಿ ನಗುತ್ತ ಇನ್ನೊಂದು ತಟ್ಟೆ ಅನ್ನ ಬಡಿಸಿದಳು. "ನಿಮ್ಮ ದೇವರು ಇಲ್ಲಿ ನಿಮಗೆ ಎರಡು ಊಟ ಕೊಟ್ಟಿದ್ದಾನೆ" ಎಂದಳು.

ಮರುದಿನ ಮುಂಜಾನೆ ಆಸ್ಪತ್ರೆಗೆ ಹೊರಟಾಗ ಟ್ರಾಮ್ ನಿಲ್ದಾಣದ ಪಕ್ಕದ ಉದ್ಯಾನದಲ್ಲಿ ಬೆಂಚಿನ ಕೆಳಗೆ ಏನೋ ಹೊಳೆಯಿತು. ಬೆರಳುದ್ದದ ಉಕ್ಕಿನ ಸಣ್ಣ ಕೊಳವೆಗಳು, ಹತ್ತಿಪ್ಪತ್ತು ಇದ್ದವು. ಒಂದು ತುದಿ ಗುಂಡಗೆ, ಇನ್ನೊಂದು ತುದಿ ಕಿರಿದಾಗಿ, ಅದರಲ್ಲೊಂದು ತೂತು ಬಿದ್ದಿತ್ತು. ಅವುಗಳ ನಡುವೆ ಹರಿದ ಬಣ್ಣದ ಫುಗ್ಗಾಗಳು, ಅಂದರೆ ಬಲೂನುಗಳು. ಯಾವುದೋ ಮಗುವಿನ ಹುಟ್ಟುಹಬ್ಬ ಆಗಿರಬೇಕು ಎಂದುಕೊಂಡೆ. ಒಂದನ್ನು ಎತ್ತಿಕೊಂಡು, ಸೈಕಲ್ ಪಂಪಿನ ಭಾಗವಿರಬಹುದು, ಊರಿಗೆ ಒಯ್ದು ಹುಡುಗರಿಗೆ ತೋರಿಸೋಣ ಎಂದು ಜೇಬಿನಲ್ಲಿ ಹಾಕಿಕೊಂಡೆ. ನಮ್ಮ ಅಂಕಲಿ ರಸ್ತೆಯ ಬದುಗಳಲ್ಲಿ ಮುಂಜಾನೆ ಕ್ವಾರ್ಟರ್ ಬಾಟಲಿಗಳು ಬಿದ್ದಿರುತ್ತವಲ್ಲ, ಅವನ್ನು ಕಂಡಾಗ ಅವು ಏನೆಂದು ನನಗೆ ಯಾರೂ ಹೇಳಬೇಕಿಲ್ಲ. ಇವು ಮಾತ್ರ ನನಗೆ ಗೊತ್ತಾಗಲಿಲ್ಲ.

ನಾಲ್ಕನೆಯ ಮಹಡಿ

ಸನ್ಮತಿ ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಕುಳಿತಿದ್ದ. ನನ್ನನ್ನು ನೋಡಿ ಎದ್ದೇಳಲು ಹೋದ, ಅಭ್ಯಾಸಬಲದಿಂದ. ಏಳಲಾಗಲಿಲ್ಲ. ಕುಳಿತಲ್ಲಿಂದಲೇ ಬಗ್ಗಿ ಕಾಲು ಮುಟ್ಟಲು ನೋಡಿದ.

"ಬಂದ್ರೇನ್ರಿ ಮಾಮಾ. ಅವ್ವ ಹೆಂಗದಾಳ?"

"ಆರಾಮ ಅದಾಳ. ನೀ ಹೆಂಗದಿ?"

"ಮೊಣಕಾಲಿನ ಕೆಳಗ ಎಲ್ಲಾ ಹತ್ತಿ ತುಂಬಿದಂಗ ಆಗೈತ್ರಿ. ಕತ್ತು ಬಗ್ಗಿಸಿದ್ರ ಬೆನ್ನಾಗ ಕರೆಂಟ್ ಹೊಡಿತೈತಿ."

ಚಿಕಿತ್ಸೆ ನೋಡುತ್ತಿದ್ದ ಡಾಕ್ಟರು ಎತ್ತರದ, ಮೆಲುಮಾತಿನ ಹೆಂಗಸು. ನನ್ನನ್ನು ಒಂದು ಸಣ್ಣ ಕೋಣೆಗೆ ಕರೆದು ಕೂರಿಸಿದರು. ಹುಡುಗ ತಾನಾಗಿಯೇ ಎಲ್ಲ ಹೇಳಲು ಒಪ್ಪಿಗೆ ಕೊಟ್ಟಿದ್ದಾನೆ ಎಂದು ಮೊದಲು ತಿಳಿಸಿದರು. ಆಮೇಲೆ ನಿಧಾನವಾಗಿ, ನನಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಅವನು ಏಳೆಂಟು ತಿಂಗಳಿನಿಂದ ಪಾರ್ಟಿಗಳಲ್ಲಿ ನೈಟ್ರಸ್ ಆಕ್ಸೈಡ್ ಸೇದುತ್ತಿದ್ದ. ಅಡುಗೆಮನೆಯಲ್ಲಿ ಕೆನೆ ನೊರೆಯಾಗಲಿ ಎಂದು ಬಳಸುವ ಅನಿಲ ಅದು. ಸಣ್ಣ ಉಕ್ಕಿನ ಕೊಳವೆಗಳಲ್ಲಿ ಬರುತ್ತದೆ. ಹುಡುಗರು ಅದನ್ನು ಫುಗ್ಗಾದಲ್ಲಿ ತುಂಬಿ ಎಳೆದುಕೊಳ್ಳುತ್ತಾರೆ. ಒಂದೆರಡು ನಿಮಿಷ ತಲೆ ಹಗುರಾಗುತ್ತದೆ, ನಗು ಬರುತ್ತದೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಇಳಿದುಹೋಗುತ್ತದೆ. ವಾಸನೆಯಿಲ್ಲ, ತೂರಾಟವಿಲ್ಲ. ಆಗ ಅಲ್ಲಿ ಅದನ್ನು ಕೊಳ್ಳಲು ಯಾರ ಅಡ್ಡಿಯೂ ಇರಲಿಲ್ಲ. ಮುಂದೆ ನಿಷೇಧ ಬಂತೆಂದು ಕೇಳಿದ್ದೇನೆ.

ನನ್ನ ಕೈ ಜೇಬಿಗೆ ಹೋಯಿತು. ಉಕ್ಕಿನ ಕೊಳವೆಯನ್ನು ತೆಗೆದು ಮೇಜಿನ ಮೇಲಿಟ್ಟೆ. ಡಾಕ್ಟರು ಅದನ್ನು ನೋಡಿ ತಲೆಯಾಡಿಸಿದರು.

ನಾನು ವಿಜ್ಞಾನದ ಮಾಸ್ತರ. ಇಪ್ಪತ್ತೊಂಬತ್ತು ವರ್ಷ ಫಳಿಯ ಮೇಲೆ 'ನಗೆ ಅನಿಲ' ಎಂದು ಬರೆದಿದ್ದೇನೆ. ಪ್ರತಿ ವರ್ಷ ಆ ಪದಕ್ಕೆ ಇಡೀ ವರ್ಗ ನಗುತ್ತಿತ್ತು, ನಾನೂ ಜೊತೆಗೆ ನಗುತ್ತಿದ್ದೆ. ಅದು ಕಾಲು ಕಸಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಈ ಅನಿಲ ದೇಹದಲ್ಲಿರುವ ಬಿ-ಹನ್ನೆರಡು ಎಂಬ ಜೀವಸತ್ವವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ ಎಂದರು ಡಾಕ್ಟರು. ನರಗಳ ಮೇಲೆ ಒಂದು ಹೊದಿಕೆ ಇರುತ್ತದೆ, ಅದು ಉಳಿಯಲು ಆ ಜೀವಸತ್ವ ಬೇಕು. ಅದು ಹೆಚ್ಚಾಗಿ ಸಿಗುವುದು ಮಾಂಸ, ಮೀನು, ಮೊಟ್ಟೆಯಲ್ಲಿ, ಸ್ವಲ್ಪ ಹಾಲಿನಲ್ಲಿ. ಸನ್ಮತಿ ಹುಟ್ಟಿನಿಂದ ಮಾಂಸ ಮುಟ್ಟಿದವನಲ್ಲ. ಇಲ್ಲಿಗೆ ಬಂದ ಮೇಲೆ ಹಾಲೂ ಬಿಟ್ಟು ಬರಿಯ ಅನ್ನ, ಬ್ರೆಡ್ಡಿನ ಮೇಲೆ ದಿನ ತಳ್ಳಿದ್ದ. ಅವನೊಳಗೆ ಮೊದಲೇ ಕಡಿಮೆಯಿದ್ದದ್ದನ್ನು ಅನಿಲ ಬರಿದು ಮಾಡಿತು. ಅತಿಯಾಗಿ ಸೇದಿದರೆ ಎಲ್ಲವನ್ನೂ ತಿನ್ನುವವರಿಗೂ ಹೀಗಾಗುತ್ತದೆ, ಅಂಥವರೂ ಇಲ್ಲಿಗೆ ಬರುತ್ತಾರೆ. ಇವನು ಅವರಷ್ಟು ಸೇದಿರಲಿಲ್ಲ, ಪೆಟ್ಟು ಅವರಿಗಿಂತ ಹೆಚ್ಚು ಬಿತ್ತು.

"ಮತ್ತೆ ನಡೆಯುತ್ತಾನೆಯೇ?" ಎಂದು ಕೇಳಿದೆ.

ಇಂಜೆಕ್ಷನ್ ಕೊಡುತ್ತಿದ್ದೇವೆ, ವ್ಯಾಯಾಮ ಮಾಡಿಸುತ್ತಿದ್ದೇವೆ, ನಡೆದಾನು ಎಂದರು. ಎಷ್ಟರ ಮಟ್ಟಿಗೆ ಎಂದು ಈಗ ಹೇಳಲಾರೆ. ಕೆಲವು ನರಗಳು ತಿರುಗಿ ಬರುವುದಿಲ್ಲ.

ಏಳುವ ಮೊದಲು ಅವರು ಫೈಲನ್ನು ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. ಇಲ್ಲಿಗೆ ಬರುವ ಈ ವಯಸ್ಸಿನ ಹುಡುಗರಲ್ಲಿ ಒಂದು ಹನಿಯೂ ಮದ್ಯ ಮುಟ್ಟದವರು ಬಹಳ ಅಪರೂಪ, ಇವನು ಮುಟ್ಟಿಲ್ಲ ಎಂದರು. ಮೆಚ್ಚುಗೆಯಿಂದಲೇ ಹೇಳಿದರು. ನಾನು ಕೊಳವೆಯನ್ನು ಎತ್ತಿಕೊಂಡು ಹೊರಗೆ ಬಂದೆ.

ಕಾಲುವೆಯ ದಂಡೆ

ಆ ದಿನ ಟ್ರಾಮ್ ಹತ್ತದೆ ನಡೆಯುತ್ತ ಹೋದೆ. ದಾರಿ ತಪ್ಪಿತು. ಒಂದು ಕಾಲುವೆಯ ದಂಡೆಗೆ ಬಂದೆ. ದಂಡೆಯುದ್ದಕ್ಕೂ ಕುರ್ಚಿ ಹಾಕಿಕೊಂಡು ಜನ ಬಿಸಿಲಿಗೆ ಮುಖ ಕೊಟ್ಟು ಕುಳಿತಿದ್ದರು. ಮುದುಕರು, ಮಗುವನ್ನು ತೊಡೆಯ ಮೇಲಿಟ್ಟುಕೊಂಡ ತಾಯಂದಿರು, ಕಾಲೇಜಿನ ಹುಡುಗ ಹುಡುಗಿಯರು. ಎಲ್ಲರ ಮುಂದೆಯೂ ನೊರೆ ತುಂಬಿದ ಗ್ಲಾಸು. ಯಾರೂ ಮುಖ ಮುಚ್ಚಿಕೊಂಡಿರಲಿಲ್ಲ. ನಮ್ಮಲ್ಲಿ ಪಡದೆ ಎಳೆದ ಕೋಣೆಯಲ್ಲಿ, ಕಬ್ಬಿನ ಗದ್ದೆಯ ಮರೆಯಲ್ಲಿ ಕುಡಿಯುತ್ತೇವೆ. ಕುಡಿಯುವುದಕ್ಕಿಂತ ಅಡಗುವುದೇ ಹೆಚ್ಚು. ಬಿಸಿಲಿನಲ್ಲಿ ಕುಡಿದರೆ ಲಿವರ್ ಉಳಿಯುತ್ತದೆಂದು ನಾನು ಹೇಳುವುದಿಲ್ಲ. ಅಲ್ಲೇ ಸೇತುವೆಯ ಕೆಳಗೆ ಒಬ್ಬ ತರುಣ ಹಾಡುಹಗಲೇ ತನ್ನ ವಾಂತಿಯ ಪಕ್ಕದಲ್ಲಿ ಮಲಗಿದ್ದ. ಜನ ಅವನನ್ನು ಬಳಸಿಕೊಂಡು ಸೈಕಲ್ ತುಳಿಯುತ್ತಿದ್ದರು.

ಕಾಲು ಸೋತು ಒಂದು ಖಾಲಿ ಕುರ್ಚಿಯಲ್ಲಿ ಕುಳಿತೆ. ಮಾಣಿ ಬಂದು ಏನು ಬೇಕೆಂದು ಕೇಳಿದ. ಪಕ್ಕದ ಮೇಜಿನ ಗ್ಲಾಸಿನಿಂದ ನೊರೆ ಇಳಿಯುತ್ತಿತ್ತು. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಬಾಯಲ್ಲಿ ನೀರೂರಿತು. ಇಲ್ಲಿ ನನ್ನನ್ನು ಬಲ್ಲವರು ಯಾರಿದ್ದಾರೆ ಎಂದಿತು ಮನಸ್ಸು. ಎದ್ದು ನಿಂತೆ. ಮಾಣಿ ಏನೋ ಕೇಳಿದ, ಉತ್ತರಿಸದೆ ನಡೆದೆ. ಆಮೇಲೆ ಸುಮಾರು ದೂರ ಬಹಳ ಜೋರಾಗಿ ನಡೆದೆ ಎಂಬುದಷ್ಟೇ ನೆನಪು.

ಗೆಳೆಯರು

ಭಾನುವಾರ ಸನ್ಮತಿಯನ್ನು ನೋಡಲು ಅವನ ಜೊತೆ ಕಲಿಯುವ ಯಾನ್ ಎಂಬ ಹುಡುಗ ಬಂದ. ಹಾಲಿನಂಥ ಬಣ್ಣ, ಆರಡಿಗೂ ಮೇಲೆ, ದಪ್ಪ ಕೈಗಳು. ಅವನೂ ರೈತರ ಮಗ. ಸನ್ಮತಿ ವ್ಯಾಯಾಮಕ್ಕೆ ಹೋಗಿದ್ದ. ಮೊಗಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ಅವನನ್ನು ತರಾಟೆಗೆ ತಗೊಳ್ಳಬೇಕೆಂದು ಇಂಗ್ಲಿಷ್ ವಾಕ್ಯಗಳನ್ನು ಮೂರು ದಿನದಿಂದ ಜೋಡಿಸಿಟ್ಟುಕೊಂಡಿದ್ದೆ.

"ಇದನ್ನು ಅವನಿಗೆ ಕಲಿಸಿದ್ದು ಯಾರು?" ಎಂದು ಕೇಳಿದೆ.

ಯಾನ್ ತಪ್ಪಿಸಿಕೊಳ್ಳಲಿಲ್ಲ. ತಾನೇ ಎಂದ. ಮೊದಲ ತಿಂಗಳುಗಳಲ್ಲಿ ಸನ್ಮತಿ ಪಾರ್ಟಿಗೆ ಬಂದರೆ ಕಿತ್ತಳೆ ರಸ ಹಿಡಿದುಕೊಂಡು ಮೂಲೆಯಲ್ಲಿ ಕುಳಿತಿರುತ್ತಿದ್ದನಂತೆ. ಎಲ್ಲರೂ ಕುಡಿದು ಹಾಡುವಾಗ ಇವನೊಬ್ಬ ಸುಮ್ಮನೆ. ತಾಯಿಗೆ ಮಾತು ಕೊಟ್ಟಿದ್ದೇನೆ ಎಂದು ಹೇಳಿದ್ದ. ಆ ಮಾತನ್ನು ಮುರಿಸಬಾರದೆಂದು ಗೆಳೆಯರೆಲ್ಲ ಸೇರಿ ನಿಶ್ಚಯ ಮಾಡಿದರು. ಇವನ ಗ್ಲಾಸಿಗೆ ಯಾರೂ ತಮಾಷೆಗೂ ಮದ್ಯ ಬೆರೆಸಕೂಡದು ಎಂದು ಯಾನ್ ಒಬ್ಬೊಬ್ಬರಿಗೂ ಹೇಳಿದ್ದ. ಆದರೆ ಇವನೊಬ್ಬನೇ ಹೊರಗುಳಿಯುತ್ತಾನಲ್ಲ ಎಂದು ಕೆಡುಕೆನ್ನಿಸುತ್ತಿತ್ತು. ಫುಗ್ಗಾದಲ್ಲಿ ಮದ್ಯವಿಲ್ಲ, ಮಾಂಸವಿಲ್ಲ, ಕಾನೂನಿನ ಅಡ್ಡಿಯಿಲ್ಲ. ಅದಕ್ಕೆ ಇವನಿಗಾಗಿ ಅದನ್ನು ತಂದರು.

"ಅವನು ನಗುವುದನ್ನು ನಾವು ಮೊದಲು ನೋಡಿದ್ದು ಆವತ್ತೇ" ಎಂದ ಯಾನ್. "ನಾನೂ ಅಷ್ಟೇ ಸೇದಿದೆ. ನನಗೆ ಏನೂ ಆಗಲಿಲ್ಲ. ನನಗೆ ಯಾಕೆ ಏನೂ ಆಗಲಿಲ್ಲ?"

ಅಷ್ಟು ದೊಡ್ಡ ದೇಹದ ಹುಡುಗ ಕುರ್ಚಿಯಲ್ಲಿ ಬಗ್ಗಿ ಕುಳಿತು ಅಳತೊಡಗಿದ. ನಾನು ಜೋಡಿಸಿಟ್ಟಿದ್ದ ಉಳಿದ ವಾಕ್ಯಗಳನ್ನು ಅಲ್ಲಿಗೇ ಬಿಟ್ಟೆ. ನನಗೆ ಹೆಂಡ ಕುಡಿಸಿದವರಲ್ಲಿ ಒಬ್ಬರೂ ನನ್ನ ಮೇಲೆ ಇಷ್ಟು ಅಕ್ಕರೆ ಇಟ್ಟಿರಲಿಲ್ಲ. ಚೀಲದಿಂದ ಸುನಂದಾ ಕಟ್ಟಿಕೊಟ್ಟಿದ್ದ ಒಣದ್ರಾಕ್ಷಿ ತೆಗೆದು ಅವನ ಕೈಗೆ ಹಾಕಿದೆ. ಕಣ್ಣೀರು ಒರೆಸಿಕೊಳ್ಳುತ್ತ ಒಂದೊಂದೇ ತಿಂದ.

ಶಾಂತಿಯ ಅಡುಗೆಮನೆ

ವಿಷಯ ಏನೆಂದು ಶಾಂತಿಗೆ ನಾನು ಹೇಳಿರಲಿಲ್ಲ. ಕಾಲಿನ ಕಾಯಿಲೆ ಎಂದಷ್ಟೇ ಹೇಳಿದ್ದೆ. ಒಂದು ಮಧ್ಯಾಹ್ನ ಅವಳು ನನ್ನ ಅಂಗಿ ಒಗೆಯಲೆಂದು ಜೇಬು ತಡಕಿದಾಗ ಆ ಉಕ್ಕಿನ ಕೊಳವೆ ಸಿಕ್ಕಿತು. ಡಾಕ್ಟರ ಮೇಜಿನಿಂದ ಅದನ್ನು ಮತ್ತೆ ಯಾಕೆ ಎತ್ತಿಕೊಂಡು ಬಂದೆನೋ ಗೊತ್ತಿಲ್ಲ. ಅಂಗೈಯಲ್ಲಿ ಅದನ್ನು ಹಿಡಿದು ಅಡುಗೆಮನೆಗೆ ಬಂದು, ನನ್ನ ಎದುರು ಕುಳಿತಳು.

"ಇದು ನಿಮ್ಮ ಹುಡುಗನದೋ?" ಎಂದು ಕೇಳಿದಳು.

ಇದಲ್ಲ, ಇಂಥವೇ ಎಂದೆ.

ನಾನಿದ್ದ ಕೋಣೆ ಅವಳ ಮೊಮ್ಮಗ ವಿಕಾಸನದಂತೆ. ಕಸ ಹೊಡೆಯುವಾಗ ಮಂಚದ ಕೆಳಗೆ ಇಂಥವು ಸಿಗುತ್ತಿದ್ದವು. ಸೋಡಾ ಮಾಡುವ ಯಂತ್ರದ್ದು ಎಂದಿದ್ದ. ಇವಳೂ ನಂಬಿದಳು. ಒಂದು ರವಿವಾರ ಸಂಜೆ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಕಾರು ಓಡಿಸುತ್ತ, ಒಂದು ಕೈಯಲ್ಲಿ ಸ್ಟಿಯರಿಂಗ್, ಒಂದು ಕೈಯಲ್ಲಿ ಫುಗ್ಗಾ ಹಿಡಿದಿದ್ದ. ಅರೆಗಳಿಗೆ ತಲೆ ತಿರುಗಿತು. ಕಾರು ಮರಕ್ಕೆ ಬಡಿಯಿತು. ಗೆಳೆಯರು ಉಳಿದರು, ಅವನು ಉಳಿಯಲಿಲ್ಲ. ಇಪ್ಪತ್ತೆರಡು ವರ್ಷ.

"ಕುಡಿದಿದ್ದನೇನೋ ಅಂತ ಪೊಲೀಸರು ನೋಡಿದರು. ರಕ್ತದಲ್ಲಿ ಏನೂ ಇರಲಿಲ್ಲ" ಎಂದಳು. "ನಾನು ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ, ನನ್ನ ವಿಕಾಸ ಕುಡಿಯುವುದಿಲ್ಲ ಅಂತ."

ಒಲೆಯ ಮೇಲೆ ಬೇಳೆ ಉಕ್ಕಿ ಹರಿಯಿತು. ಇಬ್ಬರೂ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು ಒಲೆ ಆರಿಸಿದಳು. ಕೊಳವೆಯನ್ನು ಕಸದ ಡಬ್ಬಿಗೆ ಹಾಕಿ ಕೈ ತೊಳೆದುಕೊಂಡಳು.

ಕಡಲು

ಹೊರಡುವ ಎರಡು ದಿನ ಮೊದಲು ಸನ್ಮತಿ ವಾಕರ್ ಹಿಡಿದು ಒಂಬತ್ತು ಹೆಜ್ಜೆ ಹಾಕಿದ. ಪಾದ ನೆಲಕ್ಕೆ ಊರಿದೆಯೋ ಇಲ್ಲವೋ ಗೊತ್ತಾಗದ್ದರಿಂದ ಕೆಳಗೆ ನೋಡಿಕೊಂಡೇ ಇಡಬೇಕಿತ್ತು. ಕಣ್ಣು ಮೇಲೆತ್ತಿದರೆ ವಾಲುತ್ತಿದ್ದ. ಚಿಕಿತ್ಸೆಯನ್ನು ಊರಿನಲ್ಲೇ ಮುಂದುವರಿಸಬಹುದೆಂದು ಡಾಕ್ಟರು ಇಂಜೆಕ್ಷನ್ನಿನ ಚೀಟಿ ಬರೆದುಕೊಟ್ಟರು. ಅಂದು ಮಧ್ಯಾಹ್ನ ಗಾಲಿಕುರ್ಚಿ ತಳ್ಳಿಕೊಂಡು ಟ್ರಾಮಿನಲ್ಲಿ ಕಡಲಿಗೆ ಹೋದೆವು. ಹತ್ತಿಸಲು ಮೂವರು ಅಪರಿಚಿತರು ಕೈಹಾಕಿದರು. ಯಾರೂ ಏನಾಯಿತೆಂದು ಕೇಳಲಿಲ್ಲ. ನಮ್ಮ ಕಡೆಯಾಗಿದ್ದರೆ ಇಳಿಯುವುದರೊಳಗೆ ಇಡೀ ಬಸ್ಸಿಗೆ ಕಥೆ ಹೇಳಬೇಕಾಗುತ್ತಿತ್ತು. ಯಾವುದು ಮೇಲು ಎಂದು ನನಗೆ ಈಗಲೂ ತಿಳಿಯದು.

ಕಡಲು ಬೂದು ಬಣ್ಣದ್ದು, ಗಾಳಿ ತಣ್ಣಗಿತ್ತು.

"ಮಾಮಾ, ಅವ್ವಗ ನರದ ರೋಗ ಅಂತ ಹೇಳೂಣ್ರಿ. ಅದು ಸುಳ್ಳಲ್ಲ."

"ಅರ್ಧಾ ಸುಳ್ಳಲ್ಲ."

"ನಾ ನೇಮ ಮುರದಿಲ್ರಿ. ಒಂದ ಹನಿ ಮುಟ್ಟಿಲ್ಲ. ಅವ್ರ ಗ್ಲಾಸ್ ನೋಡಿದಾಗೊಮ್ಮೆ ನೀವ ನೆನಪಾಕ್ಕಿದ್ರಿ. ಮಿರಜ್‌ದಾಗ ಹಾಸಗ್ಯಾಗ ಮಲಗಿದ್ರಲ್ಲಾ, ಹಳದಿ ಕಣ್ಣು. ಅದಕ್ಕ ಮುಟ್ಟಲಿಲ್ಲ."

ನಾನು ಗಾಲಿಕುರ್ಚಿಯ ಹಿಂದೆ ನಿಂತಿದ್ದೆ. ಅವನಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ಒಳ್ಳೆಯದಾಯಿತು.

"ಫುಗ್ಗಾ ಹಿಡದಾಗ ಯಾರೂ ನೆನಪಾಗಲಿಲ್ರಿ" ಎಂದ. "ಯಾರೂ ಅದರ ಬಗ್ಗೆ ಏನೂ ಹೇಳಿದ್ದಿಲ್ಲಲ್ಲಾ. ಮೊದಲ ಕಾಲು ಜುಮ್ ಅಂದಾಗ ಥಂಡಿಗೆ ಅಂದ್ಕೊಂಡ್ನಿ. ಆಮ್ಯಾಲ ಅನುಮಾನ ಬಂತು. ಖರೇ ಹೇಳ್ಬೇಕಂದ್ರ, ಅನುಮಾನ ಬಂದಮ್ಯಾಲೂ ನಾಕೈದು ಸಲ ತಗೊಂಡ್ನಿ."

"ಯಾಕಪಾ?"

"ಅವ್ರ ಜೋಡಿ ಕೂತು ನಗೂದು ಛಲೋ ಅನಸ್ತಿತ್ತು."

ಈ ಮಾತು ನನಗೆ ಗೊತ್ತಿದ್ದದ್ದೇ. ನಿಪಾಣಿಯಲ್ಲಿ ನಾನು ಮೊದಲ ಗ್ಲಾಸು ಎತ್ತಿದ್ದೂ ರುಚಿಗಾಗಿ ಅಲ್ಲ.

"ಸನ್ಮತಿ, ನಾ ಇಪ್ಪತ್ತು ವರ್ಷ ಸುಳ್ಳು ಹೇಳೀನಿ. ಜ್ವರಾ ಅಂದೆ, ಪಿತ್ತ ಅಂದೆ, ತಲಿಸೂಲಿ ಅಂದೆ. ಕುಡ್ಯೂದಕಿಂತ ಅದ ನನ್ನ ಹೆಚ್ಚಿಗಿ ಹಾಳ ಮಾಡ್ತು. ನಿಮ್ಮವ್ವಗ ನಾ ಇನ್ನೊಂದು ಸುಳ್ಳು ಹೇಳಾಂವಲ್ಲ. ನೀ ಹೇಳು. ನಿನಗ ಆಗದಿದ್ರ ನಾ ಹೇಳ್ತೀನಿ."

ಅವನು ಗಾಲಿಯ ಬ್ರೇಕು ಬಿಚ್ಚಿದ. ಚಳಿಯಾಗುತ್ತಿದೆ, ಹೋಗೋಣ ಎಂದ.

ಮಂಗಸೂಳಿ

ಮುಂಬೈಯಲ್ಲಿ ಇಳಿದು ಕಾರಿನಲ್ಲಿ ಸಾಂಗ್ಲಿ, ಮಿರಜ್, ಕಾಗವಾಡ ದಾಟಿ ತೋಟದ ಮನೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಸುನಂದಾ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮಗನ ಕೆನ್ನೆ ಹಿಡಿದು ಮೊದಲು ಕೇಳಿದ್ದೇ ಅದನ್ನು.

"ನೇಮಾ?"

"ಮುರದಿಲ್ಲವ್ವಾ."

ಅವಳು ಬಸದಿಯಿದ್ದ ದಿಕ್ಕಿಗೆ ತಿರುಗಿ ಕೈಮುಗಿದಳು. ಆ ಮೂರು ದಿನ ನೋಡಲು ಬಂದವರಿಗೆಲ್ಲ ಅವಳು ಹೇಳಿದ್ದು ಒಂದೇ. ನರದ ರೋಗ ಯಾರಿಗೂ ಬರಬಹುದು, ಆದರೆ ನನ್ನ ಮಗ ಅಂಥ ದೇಶದಲ್ಲಿದ್ದೂ ಹನಿ ಮುಟ್ಟಿಲ್ಲ. ಬಂದವರು ಒಣದ್ರಾಕ್ಷಿ ತಿಂದು, ಚಹಾ ಕುಡಿದು, ಹುಡುಗ ಬಂಗಾರ ಎಂದು ಹೇಳಿ ಹೋಗುತ್ತಿದ್ದರು. ಸನ್ಮತಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಅವನ ಅಪ್ಪ ಭೂಪಾಲ ಮಾತಿಲ್ಲದ ಮನುಷ್ಯ. ಮಗನಿಗಾಗಿ ಅಂಗಳದಲ್ಲಿ ಹಿಡಿದು ನಡೆಯಲು ಎರಡು ಬಿದಿರಿನ ಗಳ ಕಟ್ಟುವುದರಲ್ಲಿ ಇಡೀ ದಿನ ಕಳೆಯುತ್ತಿದ್ದ.

ನಾನು ಚಿಕ್ಕೋಡಿಗೆ ಹೊರಡಬೇಕಿತ್ತು. ಹೊರಡಲಿಲ್ಲ.

ನಾಲ್ಕನೆಯ ದಿನ ಮುಂಜಾನೆ ಪಡಸಾಲೆಯಲ್ಲಿ ಸುನಂದಾ ಮಗನ ಕಾಲಿಗೆ ಎಳ್ಳೆಣ್ಣೆ ತಿಕ್ಕುತ್ತಿದ್ದಳು. ನಾನು ಕಂಬಕ್ಕೆ ಒರಗಿ ಕುಳಿತಿದ್ದೆ. ಸನ್ಮತಿ ನನ್ನ ಕಡೆ ಒಮ್ಮೆ ನೋಡಿ, ಚಾವಣಿ ನೋಡುತ್ತ ಹೇಳತೊಡಗಿದ. ಯಾನ್‌ನ ಬಗ್ಗೆ, ಫುಗ್ಗಾದ ಬಗ್ಗೆ, ಅನುಮಾನ ಬಂದ ಮೇಲೂ ತಗೊಂಡ ಆ ನಾಲ್ಕೈದು ಸಲದ ಬಗ್ಗೆ. ಏನೂ ಬಿಡಲಿಲ್ಲ. ಸುನಂದಾ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಅವನು ಹೇಳಿ ಮುಗಿಸಿದ ಮೇಲೂ ಅವಳ ಕೈ ಆಡುತ್ತಲೇ ಇತ್ತು. ಆಮೇಲೆ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ.

"ಅಣ್ಣಾ, ಮತ್ತ ನಾ ಏನಂತ ನೇಮಾ ಕೊಡಸಬೇಕಿತ್ತು?"

ಎಣ್ಣೆಯ ಬಟ್ಟಲನ್ನು ಬದಿಗೆ ಸರಿಸಿದಳು.

"ನನಗ ಗೊತ್ತಿದ್ದದ್ದು ಒಂದ ಕೇಡು" ಎಂದಳು. "ನಿನ್ನ ನೋಡಿ ಗೊತ್ತಾಗಿತ್ತು. ಅದೊಂದಕ್ಕ ಬಾಗಲಾ ಹಾಕಿದ್ನಿ."

ಸನ್ಮತಿ ಕಣ್ಣು ಮುಚ್ಚಿಕೊಂಡಿದ್ದ. ಕಣ್ಣಿನ ಅಂಚಿನಿಂದ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು. ಅವಳು ಸೆರಗಿನಿಂದ ಅದನ್ನು ಒರೆಸಿದಳು. ಮತ್ತೆ ಅವನ ಕಾಲಿನ ಹತ್ತಿರ ಕುಳಿತು ಬೆರಳ ತುದಿಯನ್ನು ಒತ್ತಿದಳು.

"ಇಲ್ಲಿ ಗೊತ್ತಾಕ್ಕೈತೇನು?"

"ಇಲ್ಲವ್ವಾ."

ಪಾದದ ಮೇಲೆ ಒತ್ತಿದಳು. "ಇಲ್ಲಿ?"

"ಇಲ್ಲ."

ಹರಡಿನ ಹತ್ತಿರ, ಮೀನಖಂಡದ ಹತ್ತಿರ, ಒಂದೊಂದು ಬೆರಳಿನಷ್ಟೇ ಮೇಲೆ ಸರಿಯುತ್ತ ಕೇಳುತ್ತ ಹೋದಳು. ಅವನು ಇಲ್ಲ, ಇಲ್ಲ ಎನ್ನುತ್ತಿದ್ದ. ಅಂಗಳದಲ್ಲಿ ಬಿದಿರು ಬಿಗಿಯುತ್ತಿದ್ದ ಭೂಪಾಲ ಹಗ್ಗ ಕೈಯಲ್ಲಿ ಹಿಡಿದು ಹಾಗೇ ನಿಂತ. ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ ಅವಳ ಕೈ ಬಂದಾಗ ಸನ್ಮತಿ ಕಣ್ಣು ತೆರೆದ.

"ಹೂಂ. ಇಲ್ಲಿ ಗೊತ್ತಾಗಾಕತ್ತೈತಿ. ನಿನ್ನ ಕೈ ಬೆಚ್ಚಗೈತಿ."

ಸುನಂದಾ ಕೈಯನ್ನು ಅಲ್ಲೇ ಇಟ್ಟುಕೊಂಡು ಕುಳಿತಳು.